ರೆಕ್ಕೆ ‘ಮುರಿಯಿತೋ’, ‘ಕಳಚಿತೋ’, ‘ಬಿಟ್ಟುಕೊಂಡಿತೋ’?

ಎಲ್ಲರಿಗೂ ನಮಸ್ಕಾರ.

ಹಳೇ ಕಾಲದ ಮೂರು ಎಂಜಿನ್ನಿನ ಫಾಕರ್ ಪ್ರಯಾಣಿಕ ವಿಮಾನಗಳಿಗೆ ಆದ ಅಪಘಾತಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕೆಲವು ಕ್ರಿಯಾಪದಗಳ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ. ನಿಮ್ಮ ಸಹಾಯ ಬೇಕು.

ಮೊದಲು ನನ್ನನ್ನು ಜಾಸ್ತಿ ಕಾಡುತ್ತಿರುವುದು. 1931ರ ಮಾರ್ಚ್ 31ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಬಜಾರ್ ಎಂಬ ಹಳ್ಳಿಯ ಹತ್ತಿರ ಒಂದು ಫಾಕರ್ ಎಫ್-10 ಬಿತ್ತು. ಒಳಗಿದ್ದ ಎಂಟೂ ಜನ ತೀರಿಕೊಂಡರು. ಅವರಲ್ಲಿ ನೋಟ್ರ ಡೇಮ್ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಕೋಚ್ ನೂಟ್ ರಾಕ್ನಿ ಕೂಡ ಒಬ್ಬರು. ಮೊದಲು ರೆಕ್ಕೆ ಬೇರೆಯಾಯಿತು, ಆಮೇಲೆ ವಿಮಾನ ಬಿತ್ತು. ನಾನು ಸುಮ್ನೆ ‘ರೆಕ್ಕೆ ಕಳಚಿ ಬಿತ್ತು’ ಅಂತ ಬರೆದೆ. ಮತ್ತೆ ಓದಿದಾಗ ತಪ್ಪು ಅನ್ನಿಸಿತು.

ಕಳಚುವುದು ಅಂದರೆ ಸಿಕ್ಕಿಸಿದ್ದು ಬಿಚ್ಚಿಕೊಳ್ಳುವುದು, ಅಲ್ವಾ? ಗಾಡಿಯ ಗಾಲಿ ಕಳಚುತ್ತದೆ, ಕೀಲು ಕಳಚುತ್ತದೆ. ‘ರೆಕ್ಕೆ ಕಳಚಿತು’ ಅಂದರೆ ಯಾರೋ ಬೋಲ್ಟು ಸರಿಯಾಗಿ ಬಿಗಿದಿರಲಿಲ್ಲ ಎಂದು ಓದುಗರು ತಿಳಿದಾರು. ‘ಮುರಿಯಿತು’ ಅಂದರೆ ಮರಕ್ಕೇ ಶಕ್ತಿ ಸಾಲಲಿಲ್ಲ ಎಂಬ ಅರ್ಥ ಬರುತ್ತದೆ. ‘ಕಿತ್ತುಬಂತು’ ಅನ್ನುವುದರಲ್ಲಿ ಹೊರಗಿನಿಂದ ಎಳೆದ ಬಲ ಇದೆ, ಹಲ್ಲು ಕಿತ್ತ ಹಾಗೆ.

ಅಲ್ಲಿ ನಡೆದದ್ದೇ ಬೇರೆ. ಆ ರೆಕ್ಕೆ ಮರದ್ದು. ಒಳಗೆ ಮರದ ತೊಲೆ, ಮೇಲೆ ಪ್ಲೈವುಡ್ ಹೊದಿಕೆ, ಎಲ್ಲವನ್ನೂ ಹಿಡಿದಿಟ್ಟದ್ದು ಅಂಟು. ಹೊರಗಡೆ ಒಂದು ಆಸರೆ ಕಂಬಿಯೂ ಇಲ್ಲ. ಒಳಗೆ ತೇವ ಸೇರಿ ಅಂಟು ಸಡಿಲವಾಗಿತ್ತು ಎಂಬ ಕಡೆಗೆ ತನಿಖೆ ಬೆರಳು ತೋರಿಸಿತು. ಬಿಗಿ ಕಳೆದುಕೊಂಡ ರೆಕ್ಕೆ ಗಾಳಿಗೆ ಅದುರತೊಡಗಿ ಕೊನೆಗೆ ಬೇರೆಯಾಯಿತು. ಇದು ಹೊರಗೆ ನಿಂತು ನೋಡಿದರೆ ಕಾಣುವಂಥದ್ದಲ್ಲ. ಒಳಗಡೆ ಪರೀಕ್ಷಿಸಬೇಕೆಂದರೆ ಪ್ಲೈವುಡ್ಡನ್ನೇ ಬಿಚ್ಚಬೇಕಿತ್ತು. ಕೆಲವೇ ವಾರಗಳಲ್ಲಿ ಅಮೆರಿಕ ಸರ್ಕಾರ ಈ ಬಗೆಯ ವಿಮಾನಗಳಲ್ಲಿ ಪ್ರಯಾಣಿಕರನ್ನು ಒಯ್ಯುವುದನ್ನು ತಡೆಯಿತು. ಪೂರ್ತಿ ಲೋಹದ ವಿಮಾನಗಳ ಕಡೆ ಕಂಪನಿಗಳು ಬೇಗ ಹೊರಳಲು ಇದೂ ಒಂದು ಕಾರಣ.

ಹಾಗಾದರೆ ಸರಿಯಾದ ಪದ ಯಾವುದು? ನನಗೆ ನೆನಪಾದದ್ದು ಬಡಗಿಗಳ ಮಾತು. ನೀರು ಬಿದ್ದು ಬಿದ್ದು ಬಾತ್‌ರೂಮ್ ಬಾಗಿಲಿನ ಕೆಳತುದಿ ಉಬ್ಬಿದರೆ ಅವರು ‘ಬಿಟ್ಕೊಂಡಿದೆ’ ಅನ್ನುತ್ತಾರೆ. ದರ್ಜಿ ‘ಹೊಲಿಗೆ ಬಿಟ್ಟಿದೆ’ ಅನ್ನುತ್ತಾನೆ. ಚಪ್ಪಲಿಯ ಅಟ್ಟೆಯೂ ಹಾಗೇ. ಈ ‘ಬಿಡು’ವಿನಲ್ಲಿ ಎಷ್ಟು ಚೆಂದದ ಅರ್ಥ ಇದೆ ನೋಡಿ: ಮುರಿದಿಲ್ಲ, ಯಾರೂ ಎಳೆದಿಲ್ಲ, ಹಿಡಿತ ತಾನಾಗಿ ಹೋಯಿತು, ಅದೂ ನಿಧಾನವಾಗಿ. ‘ಅಂಟು ಬಿಟ್ಟುಕೊಂಡು ರೆಕ್ಕೆ ಬೇರೆಯಾಯಿತು’ ಎಂದು ಈಗ ತಿದ್ದಿದ್ದೇನೆ. ಆ ಅದುರುವಿಕೆಗೆ ಮಾತ್ರ ತೃಪ್ತಿಯಾಗುವ ಪದ ಸಿಕ್ಕಿಲ್ಲ. ‘ನಡುಕ’ದಲ್ಲಿ ಭಯ ಇದೆ. ‘ರೆಕ್ಕೆ ಬಡಿತ’ ಹಕ್ಕಿ ಬೇಕೆಂದೇ ಮಾಡುವುದು. ಗಾಳಿಯಿಂದಲೇ ಬಲ ಪಡೆದು ಕ್ಷಣ ಕ್ಷಣಕ್ಕೂ ಹೆಚ್ಚುತ್ತಾ ಹೋಗುವ ಅದುರುವಿಕೆಗೆ ಏನನ್ನೋಣ?

ಎರಡನೆಯದು ‘ಪತನ’. ನಮ್ಮ ಪತ್ರಿಕೆಗಳಲ್ಲಿ ಸರ್ಕಾರವೂ ಪತನ, ವಿಕೆಟ್ಟೂ ಪತನ, ವಿಮಾನವೂ ಪತನ. ಆದರೆ 1928ರ ಜುಲೈ 4ರಂದು ಬೆಲ್ಜಿಯಂನ ಸಿರಿವಂತ ಆಲ್ಫ್ರೆಡ್ ಲೋವೆನ್‌ಸ್ಟೈನ್ ತಮ್ಮದೇ ಮೂರು ಎಂಜಿನ್ನಿನ ಫಾಕರ್‌ನಿಂದ ಇಂಗ್ಲಿಷ್ ಕಾಲುವೆಗೆ ಬಿದ್ದು ಸತ್ತರು. ಬಿದ್ದದ್ದು ಮನುಷ್ಯ. ವಿಮಾನ ಫ್ರಾನ್ಸಿನ ಕಡಲತೀರದಲ್ಲಿ ಸುರಕ್ಷಿತವಾಗಿ ಇಳಿಯಿತು.

ಇನ್ನೊಂದು. ಆಸ್ಟ್ರೇಲಿಯಾದ ವೈಮಾನಿಕ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್ ಅವರ ‘ಸದರ್ನ್ ಕ್ರಾಸ್’ ಎಂಬ ಫಾಕರ್ ವಿಮಾನ 1929ರ ಮಾರ್ಚ್ 31ರಂದು ದಾರಿ ತಪ್ಪಿ, ಇಂಧನ ಮುಗಿಯುತ್ತಾ ಬಂದು, ಆಸ್ಟ್ರೇಲಿಯಾದ ವಾಯವ್ಯ ತುದಿಯ ಕೆಸರು ಬಯಲಿನಲ್ಲಿ ಇಳಿಯಿತು. ಒಳಗಿದ್ದವರು ಸುಮಾರು ಹನ್ನೆರಡು ದಿನ ಅಲ್ಲೇ ಸಿಕ್ಕಿಕೊಂಡರು, ಆದರೆ ಬದುಕಿದರು. ಅವರನ್ನು ಹುಡುಕಲು ಇನ್ನೊಂದು ವಿಮಾನದಲ್ಲಿ ಹೊರಟ ಇಬ್ಬರು ತನಾಮಿ ಮರುಭೂಮಿಯಲ್ಲಿ ನೀರಿಲ್ಲದೆ ಸತ್ತರು. ಇದರಲ್ಲಿ ಯಾವುದು ಅವಘಡ, ಯಾವುದು ದುರಂತ? 2010ರ ಮಂಗಳೂರಿನದನ್ನು ನಾವೆಲ್ಲ ‘ವಿಮಾನ ದುರಂತ’ ಅನ್ನುತ್ತೇವೆ. ಅದು ಸರಿಯೇ, ಅಲ್ಲಿ 158 ಜನ ಹೋದರು. ಆ ಪದವನ್ನು ಸಾವು ಕಂಡ ಕಡೆಗೆ ಮಾತ್ರ ಮೀಸಲಿಡೋಣ ಅನ್ನುವುದು ನನ್ನ ಅನಿಸಿಕೆ. ಕೆಸರಿಗೆ ಇಳಿದದ್ದಕ್ಕೆ ಪತ್ರಿಕೆಯ ‘ತುರ್ತು ಭೂಸ್ಪರ್ಶ’ ಹಾಕಿದರೆ ಕಣ್ಣ ಮುಂದೆ ರನ್‌ವೇ ಬರುತ್ತದೆ. ‘ವಿಧಿಯಿಲ್ಲದೆ ಇಳಿದರು’ ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಲ್ಲ.

ಕರಾವಳಿಯವರಲ್ಲಿ ಒಂದು ಕೋರಿಕೆ. ಮರದ ದೋಣಿ ಕಟ್ಟುವವರ ಪರಿಚಯ ನಿಮಗಿದ್ದರೆ, ನೀರು ಕುಡಿದು ಹಲಗೆಗಳ ಸಂದು ಸಡಿಲವಾದಾಗ ಅವರು ಏನನ್ನುತ್ತಾರೆ ಎಂದು ದಯವಿಟ್ಟು ಕೇಳಿ ಬರೆಯಿರಿ. ತುಳು, ಕೊಂಕಣಿ ಪದವಾದರೂ ಆಗಬಹುದು.