ಟೊರೊಂಟೊದ ಡಾನ್ ಕಣಿವೆಯಲ್ಲಿ ಹಕ್ಕಿ ನೋಡಲು ಎಲ್ಲಿಂದ ಶುರು ಮಾಡಲಿ?

ಕುಕ್ಕರಹಳ್ಳಿ_ದಂಡೆ:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ಟೊರೊಂಟೊಗೆ ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಮನೆ ಬ್ರಾಡ್‌ವ್ಯೂ ಸ್ಟೇಷನ್ ಹತ್ತಿರ. ಅಕ್ಕ ಭಾವ ಬೆಳಿಗ್ಗೆಯೇ ಕೆಲಸಕ್ಕೆ ಹೊರಡುತ್ತಾರೆ, ಹಾಗಾಗಿ ಕಾರು ಸಿಗೋದಿಲ್ಲ. ಮ್ಯಾಪ್‌ನಲ್ಲಿ ನೋಡಿದರೆ ಪಕ್ಕದಲ್ಲೇ ಡಾನ್ ನದಿ, ಊರಿನ ಮಧ್ಯೆ ಉದ್ದಕ್ಕೂ ಹಸಿರು. ನಾನು ಮೈಸೂರಿನ ಕೆರೆಗಳು, ರಂಗನತಿಟ್ಟು ಬಿಟ್ಟು ಬೇರೆ ಕಡೆ ಜಾಸ್ತಿ ಹಕ್ಕಿ ನೋಡಿಲ್ಲ. ಒಬ್ಬಳೇ ನಡೆದು ಹೋಗಬಹುದಾ? ವಾರ್ಬ್ಲರ್ ಅನ್ನೋ ಪುಟ್ಟ ಹಾಡುಹಕ್ಕಿಗಳನ್ನು ನೋಡಲೇಬೇಕು ಅಂತ ತುಂಬಾ ಆಸೆ.

ಗೀಜಗ:
ಮೇಡಂ, ಸರಿಯಾದ ತಿಂಗಳಿಗೇ ಹೋಗುತ್ತಿದ್ದೀರಿ. ಮೇ ಎರಡನೇ, ಮೂರನೇ ವಾರದ ಬೆಳಗಿನ ಹೊತ್ತಿಗೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ. ದಕ್ಷಿಣದಿಂದ ರಾತ್ರಿಯೆಲ್ಲಾ ಹಾರಿ, ಒಂಟಾರಿಯೊ ಸರೋವರ ದಾಟಿ ಬರುವ ವಾರ್ಬ್ಲರ್‌ಗಳು ಸುಸ್ತಾಗಿ ಸಿಕ್ಕಿದ ಮರಕ್ಕೆ ಇಳಿಯುತ್ತವೆ. ರಾತ್ರಿ ದಕ್ಷಿಣದ ಗಾಳಿ ಬೀಸಿ ಬೆಳಗಿನ ಜಾವ ಮಳೆ ಬಂತು ಅಂದ್ರೆ ಚಹಾ ಕೂಡ ಕುಡಿಯದೆ ಹೊರಡಿ!

ನನ್ನ ಪ್ರಕಾರ ಎವರ್‌ಗ್ರೀನ್ ಬ್ರಿಕ್ ವರ್ಕ್ಸ್‌ನಿಂದ ಶುರು ಮಾಡಿ. 1889ರಲ್ಲಿ ಶುರುವಾದ ಇಟ್ಟಿಗೆ ಕಾರ್ಖಾನೆ ಅದು, ಮಣ್ಣು ತೆಗೆದ ಗುಂಡಿಯಲ್ಲಿ ಈಗ ಕೊಳಗಳಿವೆ. ಡೇವಿಸ್‌ವಿಲ್ ಸ್ಟೇಷನ್‌ನಿಂದ 28ನೇ ನಂಬರ್ ಬಸ್ ಇದೆ. ಕಾಲಿಗೆ ಶಕ್ತಿ ಇದ್ದರೆ ಮೂರ್ ಪಾರ್ಕ್ ಕಣಿವೆಯ ದಾರಿಯಲ್ಲಿ ಇಳಿದು ಬನ್ನಿ, ಮರಗಳ ನಡುವೆಯೇ ಬರುತ್ತೀರಿ. ನದಿ ಪಕ್ಕದ ಲೋವರ್ ಡಾನ್ ದಾರಿ ಮಾತ್ರ ನನಗೆ ಅಷ್ಟು ಇಷ್ಟ ಇಲ್ಲ, ಹೈವೇ ಗಲಾಟೆಯಲ್ಲಿ ಹಕ್ಕಿ ಕೂಗು ಕೇಳಿಸೋದೇ ಕಷ್ಟ.

ಆ ಹಸಿರು ಸುಮ್ನೆ ಉಳಿದಿದ್ದಲ್ಲ. 1954ರ ಅಕ್ಟೋಬರ್‌ನಲ್ಲಿ ಹೇಜಲ್ ಚಂಡಮಾರುತ ಬಂದು ಟೊರೊಂಟೊದ ನದಿಗಳು ಉಕ್ಕಿ ಒಂಟಾರಿಯೊದಲ್ಲಿ 81 ಜನ ಸತ್ತರು. ಆಮೇಲೆ ಪ್ರವಾಹ ಬರುವ ಜಾಗದಲ್ಲಿ ಮನೆ ಕಟ್ಟುವುದಕ್ಕೆ ತಡೆ ಬಿತ್ತು. ನಮ್ಮೂರುಗಳಲ್ಲಿ ರಾಜಕಾಲುವೆ ಮೇಲೇ ಬಡಾವಣೆ ಎದ್ದಿರುವುದನ್ನು ನೋಡಿದಾಗೆಲ್ಲ ನನಗೆ ಈ ಕಣಿವೆ ನೆನಪಾಗಿ ಹೊಟ್ಟೆ ಉರಿಯುತ್ತದೆ.

ಇರುಳು_ಬಕ:
ಗೀಜಗ ಸರ್ ಹೇಳಿದ್ದು ಸರಿ, ಆದರೆ ಕಣಿವೆಯಲ್ಲೇ ನಿಂತುಬಿಡಬೇಡಿ. ಸರೋವರದ ದಡಕ್ಕೆ ಹೋಗಿ ಟಾಮಿ ಥಾಂಪ್ಸನ್ ಪಾರ್ಕ್ ನೋಡಲೇಬೇಕು. ಕಟ್ಟಡಗಳ ಕಲ್ಲುಮಣ್ಣು ಸುರಿದು ನೀರೊಳಗೆ ಸುಮಾರು 5 ಕಿಲೋಮೀಟರ್ ಚಾಚಿದ ಜಾಗ, ಈಗ ಅಲ್ಲಿ ಸಾವಿರಾರು ನೀರುಕಾಗೆಗಳು ಗೂಡು ಕಟ್ಟುತ್ತವೆ. ನೀವು ರಂಗನತಿಟ್ಟಿನಲ್ಲಿ ನೋಡಿರುವ ಇರುಳು ಬಕ ಇದೆಯಲ್ಲ, ಅದೇ ಜಾತಿಯದ್ದು ಅಲ್ಲೂ ಸಂಸಾರ ಹೂಡಿರುತ್ತದೆ, ನೋಡಿದರೆ ಖುಷಿಯಾಗುತ್ತದೆ. ವಾರದ ದಿನಗಳಲ್ಲಿ ಸಂಜೆ 4ಕ್ಕೆ ಮಾತ್ರ ಗೇಟು ತೆಗೆಯುತ್ತಾರೆ, ಬೆಳಿಗ್ಗೆ ಬೇಕಂದ್ರೆ ಶನಿವಾರ, ಭಾನುವಾರವೇ ಹೋಗಬೇಕು.

ಕುಕ್ಕರಹಳ್ಳಿ_ದಂಡೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಅಕ್ಕನನ್ನೂ ಎಬ್ಬಿಸಿಕೊಂಡು ಹೋಗ್ತೀನಿ. ಒಬ್ಬಳೇ ಹೋಗುವ ದಿನ ಭಯ ಏನಿಲ್ಲ ಅಲ್ವಾ?

ಮಲೆನಾಡ_ಮಳೆ:
ನಾನೂ ಅಲ್ಲಿ ಒಬ್ಬಳೇ ಓಡಾಡಿದ್ದೇನೆ ಅಕ್ಕಾ. ಬ್ರಿಕ್ ವರ್ಕ್ಸ್ ಕಡೆ ಬೆಳಿಗ್ಗೆ ಓಡುವವರು, ನಾಯಿ ಕರೆದುಕೊಂಡು ಬರುವವರು ಇದ್ದೇ ಇರುತ್ತಾರೆ. ಒಳಗಿನ ಸಣ್ಣ ಕಾಲುದಾರಿಗಳಿಗೆ ಮಾತ್ರ ಒಬ್ಬರೇ ನುಗ್ಗಬೇಡಿ. ಜೊಂಡಿನ ಹತ್ತಿರ ಹೆಗಲ ಮೇಲೆ ಕೆಂಪು ಪಟ್ಟಿ ಇರುವ ಕಪ್ಪು ಹಕ್ಕಿ ನಿಮ್ಮ ತಲೆಗೇ ಎರಗಿದರೆ ಹೆದರಬೇಡಿ, ಪಕ್ಕದಲ್ಲೇ ಅದರ ಗೂಡಿರುತ್ತದೆ, ಸ್ವಲ್ಪ ದೂರ ಸರಿದು ಹೋಗಿ. ಹುಲ್ಲಿಗೆ ಇಳಿಯುವುದಾದರೆ ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ನಮ್ಮ ಕಡೆ ಮಂಗನ ಕಾಯಿಲೆ ತರುವ ಉಣುಗಿನ ಹಾಗೆ ಅಲ್ಲೂ ಉಣುಗು ಇದೆ, ಅದು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಮನೆಗೆ ಬಂದ ತಕ್ಷಣ ಮೊಣಕಾಲಿನ ಹಿಂದೆ, ಕೂದಲ ಬುಡದಲ್ಲಿ ಒಮ್ಮೆ ನೋಡಿಕೊಳ್ಳಿ.