ಹತ್ತಕ್ಕೆ ಎಂಟು ಪಾಯಿಂಟ್ ಮೂರು

ನಾಣಿಗೆ ಚೆನ್ನೈಗೆ ವರ್ಗವಾದ ದಿನದಿಂದ, ಅಲ್ಲಿ ಮನೆ ಹುಡುಕುತ್ತಾ, ಅವನ ಕೈಯಿಂದ ಫೋನ್ ಇಳಿದಿರಲಿಲ್ಲ.

"ಸಿಕ್ತು! ಈ ಏರಿಯಾಗೆ ಸೇಫ್ಟಿ ಸ್ಕೋರು ಹತ್ತಕ್ಕೆ ಎಂಟು ಪಾಯಿಂಟ್ ಮೂರು!"

"ಉಳಿದ ಒಂದು ಪಾಯಿಂಟ್ ಏಳು ಎಲ್ಲಿ ಹೋಯ್ತೋ?" ಎಂದ ವಿಶ್ವ.

"ಕಳ್ಳ ಹೊತ್ಕೊಂಡು ಹೋದ" ಎಂದಳು ಪದ್ದಕ್ಕ, ಕೋಡುಬಳೆ ತಟ್ಟೆ ಇಡುತ್ತಾ.

ನಾಣಿಯ ಹೆಂಡತಿ ಲಲಿತಾ ನಗಲಿಲ್ಲ. "ನಿಮಗೆಲ್ಲ ತಮಾಷೆ. ಮಗಳು ಟ್ಯೂಷನ್ ಮುಗಿಸಿ ರಾತ್ರಿ ಎಂಟಕ್ಕೆ ಮನೆಗೆ ಬರ್ಬೇಕು."

"ಹಾಗಾದ್ರೆ ರಾತ್ರಿ ಎಂಟಕ್ಕೇ ಹೋಗಿ ನೋಡು" ಎಂದಳು ಪದ್ದಕ್ಕ. " ಬ್ರೋಕರ್ ಮನೆ ತೋರಿಸೋದು ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಲ್ಲಿ ಸ್ಮಶಾನವೂ ಸೇಫೇ. ಮೆಡಿಕಲ್ ಶಾಪ್ ತೆರೆದಿದೆಯಾ, ಇಸ್ತ್ರಿಯವನು ಇದ್ದಾನಾ, ಹೆಂಗಸರು ಕೈಬೀಸಿಕೊಂಡು ನಡೀತಿದ್ದಾರಾ, ಅದನ್ನ ನೋಡು."

ಗುಂಡಣ್ಣ ಕೋಡುಬಳೆ ಮುರಿದ. "ಅದೆಲ್ಲ ಯಾಕೆ? ಗೇಟೆಡ್ ಕಮ್ಯುನಿಟಿಗೆ ಹೋಗ್ಲಿ. ಹಗಲೂ ರಾತ್ರಿ ಸೆಕ್ಯೂರಿಟಿ. ಎಲ್ಲಿ ನೋಡಿದ್ರೂ ಕ್ಯಾಮೆರಾ."

"ಯುಗಾದಿಗೆ ನಿನ್ನ ಮನೆಗೆ ಒಬ್ಬಟ್ಟು ತಂದಿದ್ದೆ, ಜ್ಞಾಪಕ ಇದೆಯಾ? ಗೇಟಲ್ಲಿ ಹೆಸರು, ನಂಬರು, ಫೋಟೋ, ಓಟಿಪಿ. ಒಳಗೆ ಬರೋಷ್ಟರಲ್ಲಿ ಒಬ್ಬಟ್ಟು ತಣ್ಣಗಾಗಿತ್ತು. ವಾಪಸ್ ಹೊರಡೋಣ ಅಂದ್ರೆ ನಿನ್ನ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಇಲ್ಲ. ಅದನ್ನ ತಗೊಂಡವನು ಯಾವ ಓಟಿಪಿ ಕೊಟ್ಟಿದ್ನೋ!"

ಗುಂಡಣ್ಣ ಕಾಫಿಗೆ ಸಕ್ಕರೆ ಕಡಿಮೆ ಎಂದ.

ಪದ್ದಕ್ಕ ಬಿಡಲಿಲ್ಲ. "ನಾಣಿ, ಕಳ್ಳನ್ನ ಬಿಡು. ಆ ಊರಲ್ಲಿ ಮನೆಗೆ ನುಗ್ಗೋದು ನೀರು. 2015ರ ಡಿಸೆಂಬರಲ್ಲಿ ಚೆಂಬರಂಬಾಕ್ಕಂ ಕೆರೆಯಿಂದ ನೀರು ಬಿಟ್ಟು ಅಡ್ಯಾರ್ ಹೊಳೆ ಉಕ್ಕಿದಾಗ ಕೋಟ್ಟೂರ್‌ಪುರಂ ಒಳಗೂ ನೀರು. 2024ರ ಅಕ್ಟೋಬರಲ್ಲಂತೂ ಮಳೆ ಬರುತ್ತೆ ಅಂದಿದ್ದೇ ತಡ, ವೇಳಚೇರಿ ಜನ ಕಾರೆಲ್ಲ ತಂದು ಫ್ಲೈಓವರ್ ಮೇಲೆ ನಿಲ್ಲಿಸಿದ್ರು. ನಿನ್ನ ಫೋನಿಗಿಂತ ಅವರ ಕಾರುಗಳೇ ಸರಿಯಾಗಿ ಸ್ಕೋರ್ ಕೊಡ್ತವೆ."

"ನಾನು ನೋಡಿರೋ ಮನೆಗೆ ಆ ಭಯ ಇಲ್ಲ ಪದ್ದಕ್ಕ. ಏರಿ ಪಕ್ಕದಲ್ಲೇ ಇದೆ. ಏರಿ ಅಂದ್ರೆ ಎತ್ತರ ಅಲ್ವಾ?"

"ಅಯ್ಯೋ ಮಂಕೇ! ನಮಗೆ ಏರಿ ಅಂದ್ರೆ ಕೆರೆ ಕಟ್ಟೆ. ತಮಿಳಲ್ಲಿ ಏರಿ ಅಂದ್ರೆ ಕೆರೆನೇ! ಏರಿ ಮೇಲಿದ್ದೀನಿ ಅಂದ್ಕೊಂಡು ಕೆರೆಯೊಳಗೆ ಹಾಸಿಗೆ ಹಾಸ್ತೀಯಾ?"

ವಿಶ್ವನಿಗೆ ಕಾಫಿ ನೆತ್ತಿಗೇರಿತು. ಸಾವರಿಸಿಕೊಂಡು ಕಾರು ಅಲ್ಲಿ ಹನ್ನೆರಡು ತಿಂಗಳು ಮೀರಿ ಇದ್ದರೆ ಅದರ ಕೆಎ ನಂಬರನ್ನು ಬದಲಾಯಿಸಬೇಕು, ರೋಡ್ ಟ್ಯಾಕ್ಸ್ ಮತ್ತೆ ಕಟ್ಟಬೇಕು ಎಂದೆಲ್ಲ ಶುರುಮಾಡಿದ. ಯಾರೂ ಕೇಳಲಿಲ್ಲ.

"ಅದು ಚೆನ್ನೈ ಹಣೆಬರಹ ಬಿಡಿ" ಎಂದ ಗುಂಡಣ್ಣ.

"ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡು ಏನು, ಬೆಟ್ಟದ ಮೇಲಿದೆಯಾ?" ಎಂದಳು ಪದ್ದಕ್ಕ. " ಧರ್ಮಾಂಬುಧಿ ಕೆರೆ ಅದು. 2022ರಲ್ಲಿ ಕೋಟಿ ಕೋಟಿ ವಿಲ್ಲಾದವರು ಟ್ರ್ಯಾಕ್ಟರಲ್ಲಿ ಕೂತು ಆಚೆ ಬಂದ್ರಲ್ಲ, ಅವರ ಗೇಟಲ್ಲೂ ಸೆಕ್ಯೂರಿಟಿ ಇದ್ದ. ಪಾಪ, ಮಳೆ ಅವನ ರಿಜಿಸ್ಟರಲ್ಲಿ ಸೈನ್ ಮಾಡದೇ ಬಂದುಬಿಡ್ತು."

ನಾಣಿ ಸಪ್ಪಗಾದ. "ಹಾಗಾದ್ರೆ ಹೇಗೆ ನೋಡೋದು?"

"ಕಾಂಪೌಂಡ್ ಗೋಡೆ ನೋಡು. ನೀರು ನಿಂತ ಗೆರೆ ಉಳಿದಿರುತ್ತೆ. ಹೊಸ ಪೇಂಟ್ ಹೊಡೆದಿದ್ರೆ ಪಕ್ಕದ ಮನೆ ಗೋಡೆ ನೋಡು. ಆಮೇಲೆ ಕರೆಂಟ್ ಮೀಟರು. ಸ್ಟೂಲ್ ಹತ್ತಿ ಓದೋಷ್ಟು ಎತ್ತರಕ್ಕೆ ಜಡಿದಿದ್ರೆ ಓನರ್‌ಗೆ ಅನುಭವ ಆಗಿದೆ ಅಂತ ಅರ್ಥ."

ಲಲಿತಾಗೆ ಈಗ ನಗು ಬಂತು. "ರೀ, ಸುಮ್ನೆ ನಮ್ಮ ಬೀದಿ ಹಾಕಿ ನೋಡಿ. ಹತ್ತಕ್ಕೆ ಎಷ್ಟು ಬರುತ್ತೆ?"

ನಾಣಿ ಒತ್ತಿದ. ಚಕ್ರ ಸುತ್ತಿತು.

"ಸಾಕಷ್ಟು ಮಾಹಿತಿ ಇಲ್ಲ ಅಂತಿದೆ."

ಈ ಬೀದಿಯಲ್ಲಿ ಅವರದು ಹದಿನೈದು ವರ್ಷ. ಮಗಳು ಮೂರು ವರ್ಷದವಳಿದ್ದಾಗ ಬಲೂನಿನವನ ಹಿಂದೆ ನಾಲ್ಕು ಬೀದಿ ದಾಟಿ ಹೋಗಿದ್ದಳು. ಮಗು ಕಾಣಿಸುತ್ತಿಲ್ಲ ಅಂತ ಮನೆಯಲ್ಲಿ ಗೊತ್ತಾಗುವ ಮೊದಲೇ ಹೂವಿನವಳು ಎತ್ತಿಕೊಂಡು ಬಂದು, ಲಲಿತಾಗೆ ಬೈದು, ಮಗುವಿನ ಜಡೆಗೆ ಅರ್ಧ ಮೊಳ ಮಲ್ಲಿಗೆ ಮುಡಿಸಿ ಹೋಗಿದ್ದಳು. ದುಡ್ಡು ತಗೊಂಡಿರಲಿಲ್ಲ.

ಸ್ವಲ್ಪ ಹೊತ್ತು ಕೋಡುಬಳೆ ಸದ್ದಷ್ಟೇ.

"ಪದ್ದಕ್ಕ, ಹೋಗೋವಾಗ ಮನೆ ಕೀ ನಿಮ್ಮ ಹತ್ರ ಕೊಟ್ಟಿರ್ತೀನಿ" ಎಂದ ನಾಣಿ, ಫೋನ್ ಮಗುಚಿಟ್ಟು.

"ಇನ್ನೊಂದು ಕೀ ನನ್ನ ಸಾಸಿವೆ ಡಬ್ಬದಲ್ಲಿ ಹದಿನೈದು ವರ್ಷದಿಂದ ಇದೆಯಲ್ಲೋ. ಅದನ್ನ ನೀನು ನನ್ನಿಂದ ಇಸ್ಕೊಳ್ಳೋಕೆ ಬರ್ಬೇಡ, ಅಷ್ಟೆ."