ಮುಂಬೈ–ಮಂಗಳೂರು ವಿಮಾನ: 715 ಕಿ.ಮೀ.ಗೆ ಒಂದೂವರೆ ಗಂಟೆ ಯಾಕೆ?

ಡೊಂಬಿವಲಿಯವ:
ಜುಲೈನಲ್ಲಿ ಅಮ್ಮನನ್ನು ಊರಿಗೆ ಕಳಿಸಬೇಕು. ಊರು ಕುಂದಾಪುರ. ಯಾವಾಗಲೂ ಮುಂಬೈಯ ಕುರ್ಲಾದಿಂದ ಮತ್ಸ್ಯಗಂಧ ರೈಲಿನಲ್ಲೇ ಹೋಗುವವರು, ಈಗ ಮಂಡಿ ನೋವು, ಹಾಗಾಗಿ ಈ ಸಲ ವಿಮಾನವೇ ಆಗಬೇಕು ಅಂತ ಅಣ್ಣನ ಹಟ. ಮಂಗಳೂರಿಗೆ ಒಂದು ಕಡೆ 715 ಕಿ.ಮೀ. ಅಂತಿದೆ, ಮ್ಯಾಪ್‌ನಲ್ಲಿ 900ರ ಹತ್ತಿರ ತೋರಿಸುತ್ತದೆ. ಯಾವುದು ಸರಿ? ವಿಮಾನದ ವೇಗ ಗಂಟೆಗೆ 800 ಕಿ.ಮೀ. ಅಂದರೆ ಒಂದು ಗಂಟೆಯೊಳಗೆ ಮುಟ್ಟಬೇಕಲ್ವಾ? ಟಿಕೆಟ್‌ನಲ್ಲಿ ಒಂದೂವರೆ ಗಂಟೆಗೂ ಜಾಸ್ತಿ ಇದೆ.

ಸಹಾರ್ ರೋಡ್:
ಎರಡೂ ಸರಿ. 715 ಆಕಾಶದಲ್ಲಿ ನೇರ ಗೆರೆ ಎಳೆದ ದೂರ, 900 ರಸ್ತೆಯ ದೂರ. ಇನ್ನು ಟಿಕೆಟ್‌ನಲ್ಲಿರುವುದು ಹಾರುವ ಸಮಯ ಅಲ್ಲ. ಇಲ್ಲಿ ವಿಮಾನ ನಿಂತ ಜಾಗ ಬಿಟ್ಟ ಗಳಿಗೆಯಿಂದ ಅಲ್ಲಿ ಹೋಗಿ ನಿಲ್ಲುವವರೆಗಿನದು. ಮುಂಬೈಯಲ್ಲಿ ರನ್‌ವೇ ಎರಡಿದ್ದರೂ ಒಂದನ್ನೊಂದು ಕತ್ತರಿಸುತ್ತವೆ, ಹಾಗಾಗಿ ಒಂದು ಹೊತ್ತಿಗೆ ಒಂದೇ ಕೆಲಸಕ್ಕೆ ಬರುವುದು, ಇಳಿಯುವುದೂ ಏರುವುದೂ ಅದರಲ್ಲೇ. ಬಾಗಿಲು ಹಾಕಿ, ಬೆಲ್ಟ್ ಕಟ್ಟಿಸಿ, ಮುಂದೆ ನಾಲ್ಕೈದು ವಿಮಾನ ಸಾಲಾಗಿ ನಿಂತಿರುವುದನ್ನು ಕಿಟಕಿಯಲ್ಲಿ ನೋಡುತ್ತಾ ಕೂರಬೇಕು. 800ರ ವೇಗ ಮೇಲೆ ಹೋದ ಮೇಲಿನದು, ಏರುವಾಗ ಇಳಿಯುವಾಗ ಅಷ್ಟಿರುವುದಿಲ್ಲ. ನಿಜವಾಗಿ ಗಾಳಿಯಲ್ಲಿರುವುದು ಒಂದೂಕಾಲು ಗಂಟೆ ಆಸುಪಾಸು. ಮಿಕ್ಕಿದ್ದನ್ನು ಕಂಪನಿಯವರು ಕೈಯಲ್ಲಿ ಇಟ್ಟುಕೊಂಡಿರುತ್ತಾರೆ, ತಡವಾಗಿ ಹೊರಟರೂ ಸಮಯಕ್ಕೆ ಮುಟ್ಟಿಸಿದೆವು ಅನ್ನೋಕೆ!

ಕುಂದಾಪ್ರದ ಗಂಡು:
ಲೆಕ್ಕ ಎಲ್ಲ ಸರಿ ಮಾರಾಯ್ರೇ, ಆದರೆ ನಿಮ್ಮೂರು ಮಂಗಳೂರಲ್ಲವಲ್ಲ. ಮಂಗಳೂರಿನ ಏರ್‌ಪೋರ್ಟ್ ಇರುವ ಬಜ್ಪೆಯಲ್ಲಿ ಇಳಿದು ಮತ್ತೆ ನೂರು ಕಿ.ಮೀ. ಹತ್ತಿರ ಉತ್ತರಕ್ಕೆ ವಾಪಸ್ ಬರಬೇಕು, ಸುತ್ತಿ ಬಳಸಿ ಮೂಗು ಹಿಡಿದ ಹಾಗೆ. ಡೊಂಬಿವಲಿಯಿಂದ ಏರ್‌ಪೋರ್ಟ್, ಅಲ್ಲಿ ಎರಡು ಗಂಟೆ ಮೊದಲೇ ಹಾಜರಿ, ವಿಮಾನ, ಲಗೇಜ್, ಆಮೇಲೆ ಟ್ಯಾಕ್ಸಿ, ಎಲ್ಲ ಸೇರಿ ಏಳೆಂಟು ಗಂಟೆ ಗ್ಯಾರಂಟಿ. ಜುಲೈ ಬೇರೆ. ಬಜ್ಪೆಯ ರನ್‌ವೇ ಗುಡ್ಡದ ತಲೆ ಮೇಲಿದೆ, ಮೋಡ ಕವಿದು ಕಾಣದೇ ಹೋದರೆ ಬೆಂಗಳೂರಿಗೋ ಇನ್ನೆಲ್ಲಿಗೋ ತಿರುಗಿಸುತ್ತಾರೆ. ರೈಲಾದರೆ ಕುಂದಾಪುರದಲ್ಲೇ ಇಳಿಸುತ್ತದೆ. ಅದಕ್ಕೂ ಕುರ್ಲಾ ಯಾಕೆ, ಮತ್ಸ್ಯಗಂಧ ನಿಮಗೆ ಹತ್ತಿರದ ಠಾಣೆ ಸ್ಟೇಷನ್‌ನಲ್ಲೂ ನಿಲ್ಲುತ್ತದೆ.

ಮುಲುಂಡ್ ಮಾಮಿ:
ಮಳೆಗಾಲದಲ್ಲಿ ಕೊಂಕಣ ರೈಲಿಗೂ ಬೇರೆ ವೇಳಾಪಟ್ಟಿ, ವೇಗ ಕಡಿಮೆ, ಅದನ್ನು ಹೇಳಲೇ ಇಲ್ಲ ನೀವು. ಮಂಡಿ ನೋವಿನವರನ್ನು ಠಾಣೆಯ ಆ ಗದ್ದಲದಲ್ಲಿ ಹತ್ತಿಸಿ ನೋಡಿ, ಗೊತ್ತಾಗುತ್ತದೆ. ರಾತ್ರಿಯಿಡೀ ಅಲ್ಲಾಡುವ ಡಬ್ಬಿಯಲ್ಲಿ ಟಾಯ್ಲೆಟ್‌ಗೆ ಓಡಾಡುವುದು ಬೇರೆ. ವಿಮಾನದಲ್ಲೇ ಕಳಿಸಿ. ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿಬಿಡಿ, ಚೆಕ್‌-ಇನ್‌ನಿಂದ ವಿಮಾನದ ತನಕ ಕರೆದುಕೊಂಡು ಹೋಗುತ್ತಾರೆ.

ಡೊಂಬಿವಲಿಯವ:
ಅಮ್ಮನಿಗೆ ಟಾಯ್ಲೆಟ್‌ದೇ ಚಿಂತೆ, ಸರಿಯಾಗಿ ಹೇಳಿದಿರಿ ಮಾಮಿ. ವಿಮಾನವೇ ಮಾಡುತ್ತೇನೆ. ಬಜ್ಪೆಗೆ ಮಾವ ಕಾರು ತರುತ್ತಾರಂತೆ.

ಸಹಾರ್ ರೋಡ್:
ಹಾಗಾದರೆ ಯಾವ ಟರ್ಮಿನಲ್ ಅಂತ ಟಿಕೆಟ್‌ನಲ್ಲಿ ನೋಡಿಕೊಳ್ಳಿ. ಟರ್ಮಿನಲ್ 1 ಸಾಂತಾಕ್ರೂಜ್ ಕಡೆ, ಟರ್ಮಿನಲ್ 2 ಸಹಾರ್ ಕಡೆ. ಈಗ ನವಿ ಮುಂಬೈಯಿಂದಲೂ ವಿಮಾನ ಶುರುವಾಗಿದೆ, ಅದನ್ನೂ ಗಮನಿಸಿ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತಾರೆ.